ಡಬ್ಬಿ ಕನ್ನಡ ಮಾತಾಡ್ತದ, ಆದ್ರ ಖಾತೆ ಯಾರದು?

ಅಕ್ಕಲಕೋಟ: ಗುರುವಾರ ಬಂತೆಂದರೆ ಇಲ್ಲಿನ ವಟವೃಕ್ಷ ಸ್ವಾಮಿ ಸಮರ್ಥ ದೇವಸ್ಥಾನದ ಓಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪುಣೆ, ಮುಂಬೈ ಕಡೆಯ ಭಕ್ತರು ಒಂದು ಕಡೆ, ಅಫಜಲಪುರ, ಆಳಂದ, ಇಂಡಿ ಕಡೆಯಿಂದ ಬಸ್ಸಿಳಿದು ಬಂದವರು ಇನ್ನೊಂದು ಕಡೆ. ಹೂವು, ತೆಂಗಿನಕಾಯಿ, ಪೇಢೆ, ಚಹಾ, ಭಜಿ ಅಂತ ವ್ಯಾಪಾರವೂ ಜೋರು. ಹತ್ತು ವರ್ಷದ ಹಿಂದೆ ಈ ಓಣಿಯಲ್ಲಿ ಹೆಚ್ಚು ಕೇಳುತ್ತಿದ್ದ ಮಾತು ಎರಡೇ. ಮರಾಠಿಯಲ್ಲಿ ‘ಸುಟ್ಟೆ ದ್ಯಾ’, ಕನ್ನಡದಲ್ಲಿ ‘ಚಿಲ್ಲರ ಕೊಡ್ರಿ’. ಈಗ ಆ ಜಗಳ ಬಹಳಷ್ಟು ಕಡಿಮೆಯಾಗಿದೆ. ಅದರ ಬದಲು ಹಲಗೆಯ ಮೇಲಿಂದ ಒಂದು ಸಣ್ಣ ಡಬ್ಬಿ ಒದರುತ್ತದೆ. ಒಂದು ಹಿಂದಿಯಲ್ಲಿ, ಪಕ್ಕದ್ದು ಮರಾಠಿಯಲ್ಲಿ, ಅದರಾಚೆಯದು ಕನ್ನಡದಲ್ಲಿ.

ಗಿರಾಕಿ ಮೊಬೈಲ್ ತೆಗೆದು ಚೌಕಾಕಾರದ ಚಿತ್ರಕ್ಕೆ ಹಿಡಿಯುತ್ತಾನೆ, ನಾಲ್ಕೋ ಆರೋ ಅಂಕಿಯ ಪಿನ್ ಒತ್ತುತ್ತಾನೆ, ‘ಐವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಡಬ್ಬಿ ಸಾರುತ್ತದೆ. ಕೈಯಿಂದ ಕೈಗೆ ಏನೂ ದಾಟುವುದಿಲ್ಲ. ಬ್ಯಾಂಕುಗಳು ಒಪ್ಪಿದವು, ಅಂಗಡಿಕಾರರೂ ಒಪ್ಪಿದರು. ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯಿಂದ ದುಧನಿಯ ಸಂತೆಯ ಮೆಣಸಿನಕಾಯಿ ಗುಂಪಿಯವರೆಗೆ ಈ ಪದ್ಧತಿ ಬಂದು ಕೂತಿದೆ. ಆದರೆ ಗಡಿನಾಡಿನ ಮನೆಗಳಲ್ಲಿ ಒಂದು ಲೆಕ್ಕ ಇನ್ನೂ ಕೂಡಿಲ್ಲ. ಅದು ತಪ್ಪಿದ್ದು ಈ ವರದಿಗಾರನ ಮನೆಯಲ್ಲೂ ಹೌದು. ಆ ಮಾತು ಮುಂದೆ ಬರುತ್ತದೆ.

ಬೆಂಗಳೂರಿನಲ್ಲಿ ಮೊದಲ ಪರೀಕ್ಷೆ

ಮೊಬೈಲಿನಿಂದ ರೊಕ್ಕ ಕೊಡುವ ವಿಚಾರ ಹೊಸದಲ್ಲ. 2009ರಲ್ಲೇ ಬೆಂಗಳೂರಿನಲ್ಲಿ ಸಿಟಿಬ್ಯಾಂಕ್ ಸುಮಾರು ಆರು ತಿಂಗಳ ಪ್ರಯೋಗ ನಡೆಸಿತ್ತು. ಮಾಸ್ಟರ್‌ಕಾರ್ಡ್, ವೊಡಾಫೋನ್, ನೋಕಿಯಾ ಕಂಪನಿಗಳು ಜೊತೆಗಿದ್ದವು. ನೋಕಿಯಾ 6212 ಎಂಬ ಫೋನನ್ನು ಅಂಗಡಿಯ ಯಂತ್ರದ ಹತ್ತಿರ ಹಿಡಿದರೆ ಸಾಕು, ರೊಕ್ಕ ಸಂದಾಯ. ಎನ್‌ಎಫ್‌ಸಿ ಎಂಬ ತಂತ್ರಜ್ಞಾನ ಅದು. ಎರಡು ಉಪಕರಣಗಳು ನಾಲ್ಕು ಸೆಂಟಿಮೀಟರ್‌ನಷ್ಟು ಹತ್ತಿರ ಬಂದಾಗ ರೇಡಿಯೊ ಅಲೆಯ ಮೂಲಕ ಮಾತಾಡಿಕೊಳ್ಳುತ್ತವೆ.

ಪ್ರಯೋಗ ನಡೆಯಿತು, ಆದರೆ ಅದು ನಮ್ಮ ಕಡೆಯ ಸಂತೆಯವರೆಗೆ ಬರಲಿಲ್ಲ. ಕಾರಣ ಸರಳ. ಗಿರಾಕಿ ಬಳಿ ವಿಶೇಷ ಫೋನ್ ಬೇಕು, ಅಂಗಡಿಕಾರನ ಬಳಿ ವಿಶೇಷ ಯಂತ್ರ ಬೇಕು. ಪಾನ್ ಅಂಗಡಿಯವ ಹತ್ತು ರೂಪಾಯಿಯ ಎಲೆ ಮಾರಲು ಸಾವಿರಾರು ರೂಪಾಯಿಯ ಯಂತ್ರ ಇಟ್ಟಾನೇ? ಮೇಲೆ ಕಾರ್ಡ್ ವ್ಯವಹಾರದಲ್ಲಿ ಪ್ರತಿ ನೂರಕ್ಕೆ ಇಷ್ಟು ಅಂತ ಬ್ಯಾಂಕಿಗೆ ಕಡಿತ ಬೇರೆ. ಆ ಸಿಟಿಬ್ಯಾಂಕ್ ಭಾರತದ ತನ್ನ ಗ್ರಾಹಕ ವಹಿವಾಟನ್ನು 2023ರಲ್ಲಿ ಆ್ಯಕ್ಸಿಸ್ ಬ್ಯಾಂಕಿಗೆ ಮಾರಿ ಹೋಯಿತು. ಆದರೆ ಅದು ಆಡಿದ ಆಟವನ್ನು ಬೇರೊಂದು ದಾರಿಯಲ್ಲಿ ಗೆದ್ದದ್ದು ಒಂದು ತುಂಡು ಕಾಗದ.

ಆ ಕಾಗದದ ಮೇಲಿನ ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ. ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲು ಮಸಾಹಿರೊ ಹಾರಾ ಎಂಬ ಎಂಜಿನಿಯರ್ ಮತ್ತು ಅವರ ತಂಡ ಅದನ್ನು ರೂಪಿಸಿತು. ಅಂಗಡಿಯ ಗೋಡೆಗೆ ಅಂಟಿಸಿದ ಚಿತ್ರದಲ್ಲಿ ರೊಕ್ಕ ಇರುವುದಿಲ್ಲ, ಬರೀ ವಿಳಾಸ ಇರುತ್ತದೆ. ಅಂಗಡಿಕಾರನ ಹೆಸರು ಮತ್ತು ಅವನ ಯುಪಿಐ ಗುರುತು, ಅಷ್ಟೇ. ಉಳಿದ ಕೆಲಸವೆಲ್ಲ ಗಿರಾಕಿಯ ಫೋನು, ಎರಡೂ ಕಡೆಯ ಬ್ಯಾಂಕು ಮಾಡಿಕೊಳ್ಳುತ್ತವೆ. ಯಂತ್ರ ಬೇಡ, ಕರೆಂಟ್ ಬೇಡ.

ಪಿಗ್ಮಿ ಏಜೆಂಟನ ಮೊಮ್ಮಕ್ಕಳು

ಬ್ಯಾಂಕು ಅಂಗಡಿಯ ಬಾಗಿಲಿಗೆ ಬರುವುದು ನಮ್ಮ ಜನಕ್ಕೆ ಹೊಸತೇನಲ್ಲ. 1928ರಲ್ಲಿ ಡಾ. ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕ್ (ಆಗ ಅದಕ್ಕೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಹೆಸರು) ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎತ್ತುತ್ತಿದ್ದ. ಉಡುಪಿಯಲ್ಲಿ ಹುಟ್ಟಿದ ಆ ಪದ ಇಂದಿಗೂ ಸೊಲ್ಲಾಪುರದ ಮರಾಠಿ ವ್ಯಾಪಾರಿಯ ಬಾಯಲ್ಲಿದೆ. ಸಹಕಾರಿ ಪತಸಂಸ್ಥೆಯ ಏಜೆಂಟ ಸಂಜೆ ಬಂದರೆ ‘ಪಿಗ್ಮೀವಾಲಾ ಆಲಾ’ ಎನ್ನುತ್ತಾರೆ.

ಕ್ಯೂಆರ್ ಸ್ಟಿಕರ್ ಹಿಡಿದು ಬಂದ ಹುಡುಗರು ಆ ಪಿಗ್ಮಿ ಏಜೆಂಟನ ಮೊಮ್ಮಕ್ಕಳಿದ್ದಂತೆ. ಬೆನ್ನಿಗೆ ಚೀಲ, ಕೈಯಲ್ಲಿ ಫೋನು, ಅಂಗಡಿಯಿಂದ ಅಂಗಡಿಗೆ ಓಡಾಟ. ವ್ಯತ್ಯಾಸ ಒಂದೇ. ಪಿಗ್ಮಿಯವ ದಿನಾ ಬರುತ್ತಿದ್ದ, ಚೀಟಿ ಬರೆದು ಕೊಡುತ್ತಿದ್ದ, ಮನೆಯವರ ಹೆಸರು ಹಿಡಿದು ಕರೆಯುತ್ತಿದ್ದ. ಸ್ಟಿಕರ್ ಹುಡುಗ ಒಂದು ಸಲ ಬಂದು ಅಂಟಿಸಿ ಹೋದರೆ ಮತ್ತೆ ಸಿಗುವುದು ಕಷ್ಟ.

ನೋಟು ರದ್ದಾದ ರಾತ್ರಿಯಿಂದ

ಯುಪಿಐ ವ್ಯವಸ್ಥೆಗೆ 2016ರ ಏಪ್ರಿಲ್ 11ರಂದು ಅಂದಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಂ ರಾಜನ್ ಮುಂಬೈಯಲ್ಲಿ ಚಾಲನೆ ಕೊಟ್ಟರು. ಆಗ ಅದು ಯಾರ ಕಿವಿಗೂ ಬೀಳಲಿಲ್ಲ. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದವು. ವಾರದ ಕೂಲಿಯನ್ನು ನಗದಿನಲ್ಲೇ ಎಣಿಸಿಕೊಳ್ಳುತ್ತಿದ್ದ ಸೊಲ್ಲಾಪುರದ ಬೀಡಿ ಕಾರ್ಮಿಕರು, ಚಾದರ ಮತ್ತು ಟವೆಲ್ ನೇಯುವ ಕೂಲಿಗಳು ಬ್ಯಾಂಕಿನ ಮುಂದೆ ಸರದಿ ನಿಂತದ್ದು ಇಲ್ಲಿನವರಿಗೆ ಇನ್ನೂ ನೆನಪಿದೆ. ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಂತು. ಖಾಸಗಿ ಆ್ಯಪ್‌ಗಳೂ ಓಣಿಗೆ ಇಳಿದವು.

ಅದರ ನಂತರದ್ದು ಓಟವೇ. ಇಡೀ ದೇಶದಲ್ಲಿ ಯುಪಿಐ ವ್ಯವಹಾರ ತಿಂಗಳಿಗೆ 100 ಕೋಟಿ ದಾಟಿದ್ದು 2019ರ ಅಕ್ಟೋಬರಿನಲ್ಲಿ. 1,000 ಕೋಟಿ ದಾಟಿದ್ದು 2023ರ ಆಗಸ್ಟಿನಲ್ಲಿ. ಎರಡೇ ವರ್ಷಕ್ಕೆ, 2025ರ ಆಗಸ್ಟಿನಲ್ಲಿ, 2,000 ಕೋಟಿ. 2020ರ ಜನವರಿ 1ರಿಂದ ಯುಪಿಐ ಮೂಲಕ ಬಂದ ರೊಕ್ಕಕ್ಕೆ ಅಂಗಡಿಕಾರನಿಂದ ಬ್ಯಾಂಕು ಕಡಿತ ಮಾಡುವಂತಿಲ್ಲ ಎಂದಾದದ್ದು ಸಣ್ಣ ವ್ಯಾಪಾರಿಯ ಮನಸ್ಸು ಗೆದ್ದಿತು. ಕೋವಿಡ್ ಕಾಲದಲ್ಲಿ ನೋಟು ಮುಟ್ಟಲು ಹೆದರಿದ್ದೂ ಒಂದು ಕಾರಣ.

ನಮ್ಮ ಕಡೆ ಇನ್ನೊಂದು ಕಾರಣವೂ ಇತ್ತು. ಹತ್ತರ ನಾಣ್ಯ ನಡೆಯುವುದಿಲ್ಲ ಎಂಬ ಗಾಳಿಸುದ್ದಿ. ಹದಿನಾಲ್ಕು ವಿನ್ಯಾಸದ ಹತ್ತರ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಬೇಕಾಯಿತು. ಆದರೂ ‘ಇದು ಬ್ಯಾಡ್ರಿ, ಬ್ಯಾರೆ ಕೊಡ್ರಿ’ ಎನ್ನುವುದು ತಪ್ಪಲಿಲ್ಲ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ರೂಢಿ ಬೇರೆ. ಮೊಬೈಲಿನಲ್ಲಿ ಹದಿಮೂರು ರೂಪಾಯಿ ಅಂದರೆ ಹದಿಮೂರೇ.

ಎನ್‌ಎಫ್‌ಸಿ ಕೂಡ ಸತ್ತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುಪಿಐನಲ್ಲೇ ಫೋನ್ ತಾಗಿಸಿ ಕೊಡುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮ ಪ್ರಕಟಿಸಿತು. ಅಲೆಯ ಗುರುತಿರುವ ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತೋರಿಸಿದರೆ 5,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ, ಈ ಮಿತಿ 2021ರ ಜನವರಿಯಿಂದ ಇದೆ. ಆದರೆ ಹಣ್ಣಿನ ಗಾಡಿಯ ಮೇಲೆ ಕಾಣುವುದು ಇಂದಿಗೂ ಕಾಗದದ ಕ್ಯೂಆರೇ.

‘ಪಂಚಾವನ್ನ’ವೋ ‘ಪಂಚ್ಯಾಣ್ಣವ’ವೋ?

ಕಾಗದಕ್ಕೆ ಒಂದು ಕೊರತೆ ಇತ್ತು. ರೊಕ್ಕ ಬಂತೋ ಇಲ್ಲವೋ ಎಂದು ಅದು ಹೇಳುವುದಿಲ್ಲ. ಗಿರಾಕಿ ಫೋನ್ ಎತ್ತಿ ಹಸಿರು ಗುರುತು ತೋರಿಸಿ ನಡೆದರೆ ಮುಗಿಯಿತು. ಹಳೆಯ ಸ್ಕ್ರೀನ್‌ಶಾಟ್ ತೋರಿಸುವವರು, ನಕಲಿ ಆ್ಯಪ್ ಇಟ್ಟುಕೊಂಡವರು ಹುಟ್ಟಿಕೊಂಡರು. ಅಂಗಡಿಯ ಸ್ಟಿಕರ್ ಮೇಲೆ ತಮ್ಮ ಸ್ಟಿಕರ್ ಅಂಟಿಸಿ ಹೋಗುವ ಮಹಾನುಭಾವರೂ ಇದ್ದಾರೆ. ಗದ್ದಲದಲ್ಲಿ ಒಂದು ಕೈಯಲ್ಲಿ ತಕ್ಕಡಿ ಹಿಡಿದವರು ಮೆಸೇಜ್ ನೋಡುವುದು ಹೇಗೆ? ಇದಕ್ಕೆ ಉತ್ತರವಾಗಿ ಬಂದದ್ದು ಮಾತಾಡುವ ಡಬ್ಬಿ, ಅಂದರೆ ಸೌಂಡ್‌ಬಾಕ್ಸ್. ಅದರೊಳಗೆ ತನ್ನದೇ ಸಿಮ್ ಇರುತ್ತದೆ. ಸಾಮಾನ್ಯವಾಗಿ ತಿಂಗಳಿಗೆ ನೂರರ ಆಸುಪಾಸು ಬಾಡಿಗೆ.

ಡಬ್ಬಿ ಮಾತಾಡತೊಡಗಿದ ಮೇಲೆ ಗಡಿನಾಡಿನಲ್ಲಿ ಒಂದು ಪ್ರಶ್ನೆ ಎದ್ದಿತು. ಯಾವ ಭಾಷೆ? ಇದು ಅಭಿಮಾನದ ಪ್ರಶ್ನೆ ಅಂತ ಅಂದುಕೊಳ್ಳಬೇಡಿ, ಲೆಕ್ಕದ ಪ್ರಶ್ನೆ. ಕನ್ನಡದ ಎಣಿಕೆ ಸೀದಾ. ಐವತ್ತು, ಐವತ್ತೈದು, ಐವತ್ತೊಂಬತ್ತು. ಮರಾಠಿಯಲ್ಲಿ ಐವತ್ತೊಂಬತ್ತಕ್ಕೆ ‘ಏಕೋಣಸಾಠ’, ಅಂದರೆ ಅರವತ್ತಕ್ಕೆ ಒಂದು ಕಮ್ಮಿ. ಕಿವಿಗೆ ಬೀಳುವುದು ಮಾತ್ರ ‘ಸಾಠ’. ಐವತ್ತೈದು ‘ಪಂಚಾವನ್ನ’, ತೊಂಬತ್ತೈದು ‘ಪಂಚ್ಯಾಣ್ಣವ’. ಲಾರಿ ಹಾರ್ನ್ ನಡುವೆ ಡಬ್ಬಿ ಒದರಿದರೆ ನಲವತ್ತು ರೂಪಾಯಿ ವ್ಯತ್ಯಾಸ ಗೊತ್ತಾಗುವುದು ಹೇಗೆ? ಸಾಲಿ ಕಲಿತ ಮಕ್ಕಳಿಗೆ ತೊಂದರೆ ಇಲ್ಲ. ನಾಗಣಸೂರ, ಮೈಂದರ್ಗಿ, ದುಧನಿ ಕಡೆಯ ಮನೆಗಳಲ್ಲಿ ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದ, ಕಾಗದ ಓದಲು ಬಾರದ ಹಿರಿಯ ಹೆಣ್ಣುಮಕ್ಕಳಿಗೆ ಇದು ದಿನದ ಪೇಚು.

ಸಂತೋಷದ ಸಂಗತಿ ಅಂದರೆ ಬಹುತೇಕ ಕಂಪನಿಗಳ ಡಬ್ಬಿಗೆ ಕನ್ನಡ ಬರುತ್ತದೆ. ನಟ ಕಿಚ್ಚ ಸುದೀಪ್ ದನಿಯಲ್ಲಿ ರೊಕ್ಕದ ಸುದ್ದಿ ಹೇಳುವ ಸೌಲಭ್ಯವನ್ನೂ ಫೋನ್‌ಪೆ ಕಂಪನಿ 2024ರಲ್ಲಿ ತಂದಿತ್ತು. ಆದರೆ ಮಹಾರಾಷ್ಟ್ರದ ವಿಳಾಸ ನೋಡಿ ಅಂಟಿಸಿ ಹೋಗುವ ಹುಡುಗ ಹಿಂದಿಯನ್ನೋ ಮರಾಠಿಯನ್ನೋ ಇಟ್ಟು ಹೋಗುತ್ತಾನೆ. ಬದಲಿಸಬಹುದು ಎಂಬುದೇ ಹಲವರಿಗೆ ತಿಳಿದಿಲ್ಲ. ಕೇಳಿದರೆ ಎರಡು ನಿಮಿಷದ ಕೆಲಸ.

ರೊಕ್ಕಕ್ಕೆ ಗಡಿ ಇಲ್ಲ, ಆದರೆ...

ಗಡಿಯ ಎರಡೂ ಬದಿಗೆ ಬೀಗರು ಇರುವ ಮನೆಗಳೇ ಇಲ್ಲಿ ಹೆಚ್ಚು. ಅಫಜಲಪುರಕ್ಕೆ ಕೊಟ್ಟ ಮಗಳಿಗೆ ಕರ್ನಾಟಕದ ಗೃಹಲಕ್ಷ್ಮಿ, 2023ರ ಆಗಸ್ಟಿನಲ್ಲಿ ಆರಂಭವಾದ ತಿಂಗಳಿಗೆ 2,000 ರೂಪಾಯಿಯ ಯೋಜನೆ. ಅಕ್ಕಲಕೋಟದಲ್ಲಿ ಉಳಿದ ಅಕ್ಕನಿಗೆ ಮಹಾರಾಷ್ಟ್ರದ ಲಾಡಕಿ ಬಹೀಣ, 2024ರ ಜುಲೈನಿಂದ ತಿಂಗಳಿಗೆ 1,500ರಂತೆ ಶುರುವಾದದ್ದು. ಎರಡೂ ನೇರ ಖಾತೆಗೆ. ತಂಗಿ ಅಕ್ಕನಿಗೆ ರೊಕ್ಕ ಕಳಿಸಲು ಈಗ ಬಸ್ಸಿನ ಕಂಡಕ್ಟರನನ್ನು ಹುಡುಕಬೇಕಿಲ್ಲ. ಬೆರಳು ಒತ್ತಿದರೆ ಹೋಗುತ್ತದೆ.

ಆದರೆ ಬೆರಳು ಯಾರದು, ಫೋನು ಯಾರದು? ಖಾತೆ ಹೆಣ್ಣುಮಗಳದು, ಅದಕ್ಕೆ ಜೋಡಿಸಿದ ನಂಬರ್ ಗಂಡನದೋ ಮಗನದೋ. ಯುಪಿಐ ಶುರು ಮಾಡಲು ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನ ಸಿಮ್ ಫೋನಿನಲ್ಲಿ ಇರಲೇಬೇಕು. ಅಂದರೆ ರೊಕ್ಕದ ಪೆಟ್ಟಿಗೆ ಇವಳದು, ಕೀಲಿಕೈ ಅವರದು.

ಲೆಕ್ಕದ ದೃಷ್ಟಿಯಿಂದಲೂ ಇದು ಸರಿಯಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಬೇಕರಿ, ಚಹಾ ಅಂಗಡಿಗಳಲ್ಲಿ ‘ನಗದು ಮಾತ್ರ’ ಬೋರ್ಡು ಬಿದ್ದದ್ದು ಓದುಗರಿಗೆ ನೆನಪಿರಬಹುದು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಗದ್ದಲ ತಣಿಯಿತು. ವರ್ಷಕ್ಕೆ ಸರಕಿನ ವ್ಯಾಪಾರ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ನೋಂದಣಿ ಬೇಕು ಎಂಬುದು ನಿಯಮ. ಹೂವಿನ ಬುಟ್ಟಿಯವರಿಗೆ ಅದು ದೂರದ ಮಾತು. ಆದರೆ ಪಾಠ ಇಷ್ಟೇ. ಯಾರ ಖಾತೆಗೆ ಬಿದ್ದಿತೋ ಅವರ ವ್ಯಾಪಾರ ಎಂದೇ ದಾಖಲೆ ಹೇಳುತ್ತದೆ. ತಾಯಿ ದುಡಿದದ್ದು ಮಗನ ಖಾತೆಗೆ ಬಿದ್ದರೆ ಕಾಗದದ ಮೇಲೆ ದುಡಿದವ ಮಗ.

ನಮ್ಮ ಮನೆಯ ಲೆಕ್ಕ

ಈಗ ನನ್ನ ಮಾತು. ನಮ್ಮವ್ವ ಮನೆಯಲ್ಲಿ ಕಡಕ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತಾಳೆ. ಗುರುವಾರ, ಹುಣ್ಣಿಮೆಗೆ ಬರುವ ಭಕ್ತರು ಕಾರು ನಿಲ್ಲಿಸಿ ಕಟ್ಟಿಸಿಕೊಂಡು ಹೋಗುತ್ತಾರೆ. ಮೊದಲು ರೊಕ್ಕ ಹಿಟ್ಟಿನ ಡಬ್ಬಿಯ ಹಿಂದಿನ ಸ್ಟೀಲ್ ಡಬ್ಬಿಗೆ ಬೀಳುತ್ತಿತ್ತು. ಓದು ಬರಹ ಕಡಿಮೆ, ಆದರೆ ಅದರಲ್ಲಿ ಎಷ್ಟಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

‘ಫೋನ್‌ದಾಗ ಹಾಕ್ತೀವಿ’ ಎನ್ನುವ ಗಿರಾಕಿಗಳು ಹೆಚ್ಚಾದಾಗ ನಾನು ನನ್ನ ಹೆಸರಿನ ಕ್ಯೂಆರ್ ಅಂಟಿಸಿದೆ. ಅವ್ವನ ಖಾತೆ ಇತ್ತು, 2014ರ ಜನಧನ ಕಾಲದ್ದು. ಅದಕ್ಕೆ ಜೋಡಿಸಿದ್ದು ಅಪ್ಪನ ನಂಬರ್. ಅಪ್ಪ ತೀರಿಕೊಂಡ ಮೇಲೆ ಆ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ಬ್ಯಾಂಕಿಗೆ ಅಲೆಯುವುದು ಯಾಕೆ, ಸದ್ಯಕ್ಕೆ ನನ್ನದೇ ಇರಲಿ ಅಂದುಕೊಂಡೆ. ಆ ಸದ್ಯ ಹದಿನಾಲ್ಕು ತಿಂಗಳಾಯಿತು.

ಅಣ್ಣನ ಸೊಸೆಯ ಕುಬಸ ಬಂತು. ‘ಸೀರಿ ನನ್ನ ರೊಕ್ಕದಾಗs ತರ್ತೀನಿ, ಎಷ್ಟ ಕೂಡ್ಯಾವ ನೋಡು’ ಅಂದಳು. ಫೋನ್ ತೆಗೆದೆ. ಖಾತೆಯಲ್ಲಿ 1,140 ರೂಪಾಯಿ ಇತ್ತು. ಲೈಟ್ ಬಿಲ್, ಪೆಟ್ರೋಲ್, ಮಗಳ ಫೀ, ನನ್ನ ಪಗಾರ, ಅವಳ ರೊಟ್ಟಿ, ಎಲ್ಲ ಒಂದರೊಳಗೊಂದು ಕಲೆತು ಹೋಗಿತ್ತು. ಬಿಕಾಂ ಓದಿದವ ನಾನು. ಊರವರ ಅಂಗಡಿಯ ಜಮಾ ಖರ್ಚು ತಪ್ಪಿಲ್ಲದೆ ಬರೆದುಕೊಡುತ್ತೇನೆ. ಅವ್ವನ ಲೆಕ್ಕ ಹೇಳಲಾಗಲಿಲ್ಲ. ಅವಳು ಬೈಯಲಿಲ್ಲ. ‘ಹೋಗ್ಲಿ ಬಿಡು’ ಅಂದು ಒಲೆ ಕಡೆ ತಿರುಗಿದಳು. ಬೈದಿದ್ದರೆ ಚಲೋ ಇತ್ತು.

ಮರುದಿನವೇ ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಫಾರ್ಮು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ತುಂಬಿದ್ದು ನಾನು. ಖಾತೆ ತೆರೆದಾಗ ಹೆಬ್ಬೆಟ್ಟು ಒತ್ತಿದ್ದಳು, ಈಗ ಕನ್ನಡದಲ್ಲಿ ಸಹಿ ಮಾಡುತ್ತಾಳೆ. ಅದಕ್ಕೊಂದು, ಕೆವೈಸಿಗೊಂದು, ಆಧಾರಿಗೊಂದು ಅಂತ ಮೂರು ಸಲ ಅಲೆದಾಟ. ಅಪ್ಪನ ಹಳೆ ನಂಬರ್ ಅಷ್ಟರಲ್ಲಿ ಇನ್ಯಾರಿಗೋ ಹೋಗಿತ್ತು. ಬಂದಾದ ನಂಬರನ್ನು ತೊಂಬತ್ತು ದಿನದ ನಂತರ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಅವ್ವನ ಖಾತೆಯ ಮೆಸೇಜು ಯಾರೋ ಅಪರಿಚಿತರ ಫೋನಿಗೆ ಹೋಗುವ ಹಾಗಾಗಿತ್ತು. ಇಂಥ ಹಳೆ ನಂಬರುಗಳನ್ನು ದಾಖಲೆಯಿಂದ ತೆಗೆಯುತ್ತಿರಬೇಕು ಎಂದು ಪಾವತಿ ನಿಗಮ 2025ರ ಏಪ್ರಿಲ್‌ನಿಂದ ಬ್ಯಾಂಕು, ಆ್ಯಪ್‌ಗಳಿಗೆ ವಾರವಾರದ ಕೆಲಸ ಹಚ್ಚಿದೆ. ಆದರೆ ತೆಗೆಯುವುದಷ್ಟೇ ಅವರ ಕೆಲಸ. ಹೊಸದು ಕೊಡಬೇಕಾದವರು ನಾವೇ.

ಕಡೆಗೂ ಅವಳದೇ ನಂಬರ್, ಅವಳದೇ ಹೆಸರಿನ ಕ್ಯೂಆರ್, ಹಳೆಯದೊಂದು ಸ್ಮಾರ್ಟ್‌ಫೋನ್. ಡಬ್ಬಿಯನ್ನು ಕನ್ನಡಕ್ಕೆ ಹಾಕಿಸಿದೆವು. ‘ಸ್ವೀಕರಿಸಲಾಗಿದೆ’ ಅಂದರೆ ಏನು ಅಂತ ಮೊದಲ ದಿನ ಕೇಳಿದಳು. ‘ಮುಟ್ಟ್ಯಾವ ಅಂತ’ ಅಂದೆ. ‘ಹಂಗs ಅನ್ನಾಕ ಏನಾಗ್ತದ ಅದಕ್ಕ’ ಅಂದಳು. ಹಿಂದಿನ ಹದಿನಾಲ್ಕು ತಿಂಗಳದ್ದನ್ನು ಬ್ಯಾಂಕಿನ ಪಟ್ಟಿ ತೆಗೆಸಿ, ರೊಟ್ಟಿ ಗಿರಾಕಿಗಳ ಜಮಾ ಒಂದೊಂದೇ ಗುರುತು ಹಾಕಿ ಕೂಡಿಸಿದ್ದೇನೆ. ಕಂತಿನಲ್ಲಿ ತೀರಿಸುತ್ತಿದ್ದೇನೆ.

ಮನೆಯಲ್ಲಿ ಇಷ್ಟು ನೋಡಿಕೊಳ್ಳಿ

ಮನೆಯ ಪ್ರತಿ ಖಾತೆಗೆ ಯಾವ ನಂಬರ್ ಜೋಡಿಸಿದೆ ಎಂದು ಪಾಸ್‌ಬುಕ್ ಹಿಡಿದು ಬ್ಯಾಂಕಿನಲ್ಲಿ ಕೇಳಿ. ಆ ಸಿಮ್ ಬಂದಾಗಿದ್ದರೆ ಮೊದಲು ಬದಲಿಸಿ. ಆಧಾರಿಗೂ ಅದೇ ನಂಬರ್ ಇದ್ದರೆ ಡೆಬಿಟ್ ಕಾರ್ಡ್ ಇಲ್ಲದೆಯೂ ಆಧಾರ್ ಓಟಿಪಿ ಮೂಲಕ ಯುಪಿಐ ಪಿನ್ ಮಾಡಿಕೊಳ್ಳಬಹುದು.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಬಟನ್ ಫೋನಿನಲ್ಲೂ ದಾರಿ ಇದೆ. 2022ರ ಮಾರ್ಚಿನಲ್ಲಿ ಬಂದ ಯುಪಿಐ 123ಪೇ ಕರೆಯ ಮೂಲಕ ನಡೆಯುತ್ತದೆ. *99# ಒತ್ತಿಯೂ ಇಂಟರ್ನೆಟ್ ಇಲ್ಲದೆ ವ್ಯವಹಾರ ಮಾಡಬಹುದು.

ರೊಕ್ಕ ಬರಲು ಪಿನ್ ಬೇಕಿಲ್ಲ, ಹೋಗಲು ಮಾತ್ರ ಬೇಕು. ‘ರೊಕ್ಕ ಹಾಕ್ತೀನಿ, ಪಿನ್ ಒತ್ತು’ ಅಂದವ ಕಳ್ಳ. ಮೋಸ ಆಯಿತೆಂದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಎರಡೂ ರಾಜ್ಯಕ್ಕೆ ಅದೇ ನಂಬರ್.

ಅಂಗಡಿ ತೆರೆದ ಕೂಡಲೇ ನಿಮ್ಮ ಸ್ಟಿಕರನ್ನು ನೀವೇ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಳ್ಳಿ. ಡಬ್ಬಿಯ ಭಾಷೆ ಬದಲಿಸಬೇಕೆಂದರೆ ವ್ಯಾಪಾರಿ ಆ್ಯಪ್‌ನಲ್ಲಿ ನೋಡಿ, ಇಲ್ಲವೇ ಹಚ್ಚಲು ಬಂದ ಹುಡುಗನಿಗೆ ಆಗಲೇ ಹೇಳಿ.

ಕೊನೆಗೆ ಒಂದು ಮಾತು. ಕಳೆದ ವಾರ ಅವ್ವನ ಫೋನಿನಲ್ಲಿ ಏನೋ ತೊಡಕಾಯಿತು. ‘ಪಿನ್ ಹೇಳು, ನೋಡ್ತೀನಿ’ ಅಂದೆ. ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳಿದಳು: ‘ಯಾರಿಗೂ ಹೇಳಬ್ಯಾಡ ಅಂತ ನೀನs ಹೇಳೀದೆಲ್ಲೋ. ನಾನs ಒತ್ತತೀನಿ, ನೀ ಆಕಡಿ ನೋಡು.’